ಮೊದಲ ಕೈ

೧೯ ಜನವರಿ ೨೦೨೫, ರವಿವಾರ

ಮುದ್ದೇಬಿಹಾಳದಿಂದ ಬಂದು ಕೈಕಾಲು ತೊಳೆದು ಸ್ಕೋರು ಪುಸ್ತಕ ತುಂಬಿಸಿದೆ. ಗೆದ್ದೆವು, ೩೪–೨೯. ನಾಲ್ಕು ತಾಲೂಕಿನ ಕಬಡ್ಡಿ ಲೀಗಿನಲ್ಲಿ ಸಿಂದಗಿ ತಂಡದ ಸ್ಕೋರು ಬರೆಯುವುದು ಇದು ಆರನೇ ವರ್ಷ. ರೇಡಿಗೆ ನೀಲಿ ಪೆನ್ನು, ಹಿಡಿತಕ್ಕೆ ಕೆಂಪು. ನಾಲ್ಕು ಜನ ಒಬ್ಬನ ಮೇಲೆ ಬಿದ್ದಾಗ ಯಾರದಾದರೂ ಒಂದು ಹೆಸರು ಬರೆಯಬೇಕಲ್ಲ — ರೇಡರನ್ನು ನೆಲಕ್ಕೆ ಕೆಡವಿದವನ ಹೆಸರು ಬರೆಯುತ್ತೇನೆ. ಮೊದಲ ವರ್ಷ ಮಾಡಿಕೊಂಡ ನಿಯಮ. ಒಮ್ಮೆಯೂ ಮುರಿದಿಲ್ಲ. ಉಳಿದ ತಂಡದವರೂ ನನ್ನದನ್ನು ನೋಡಿ ಹೀಗೇ ಬರೆಯುತ್ತಾರೆ.

ಬಸ್ಸಿನಲ್ಲಿ ಪಕ್ಕಕ್ಕೆ ದಾವಲಮಲಿಕ, ಯಾವಾಗಿನಂತೆ. ನಮ್ಮ ಎಡ ಕಾರ್ನರ್, ಎಡ ಅಂಚು ಕಾಯುವವನು. ಮೂವತ್ತನಾಲ್ಕು ವರ್ಷ. ಮೋರಟಗಿಯಲ್ಲಿ ವೆಲ್ಡಿಂಗ್ ಅಂಗಡಿ. ನಾನು ಓದುವಾಗ ಮಾತಾಡಿಸುವುದಿಲ್ಲ. ಇವತ್ತು ಒಮ್ಮೆ ಕೇಳಿದ. ನನ್ನನ್ನು ಪುಸ್ತಕಪ್ಪ ಅನ್ನುತ್ತಾನೆ.

"ಇದು ಯಾ ದೇಶದ್ದೋ, ಪುಸ್ತಕಪ್ಪಾ?"

"ಪೋರ್ಚುಗಲ್."

"ಅಲ್ಲಿ ಮಂದಿ ಕನ್ನಡ ಮಾತಾಡ್ತಾರೇನು?"

ಮೂರನೇ ಪುಟ ತೋರಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಅನುವಾದಕಿಯ ಹೆಸರು. ಮುಖಪುಟದಲ್ಲಿ ಲೇಖಕನದಷ್ಟೇ. ಓದಿದ ಪುಸ್ತಕಗಳ ಪಟ್ಟಿಯಲ್ಲಿ ನಾನು ಆ ಹೆಸರನ್ನೇ ಮೊದಲು ಬರೆಯುವುದು.

"ದುಡದಾಕಿ ಇಕಿ, ಹೆಸರು ಅವಂದು," ಅಂದ. ನಿದ್ದೆ ಹೋದ.

೨೨ ಜನವರಿ, ಬುಧವಾರ

ಗುಡುಸಾಬರು ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬಂದರು. ತಂಡ ಅವರದೇ, ಮ್ಯಾಟು, ಜರ್ಸಿ ಎಲ್ಲ ಅವರ ಗೋದಾಮಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಬರುವ ಓದುಗರಲ್ಲದವರು ಅವರೊಬ್ಬರೇ.

"ಸರ, ದಾವಲಂದು ಎಂಟು ಮ್ಯಾಚಿಗೆ ಎಷ್ಟು ಪಾಯಿಂಟ್ ಆಗ್ಯಾವ್ರಿ?"

"ಹನ್ನೊಂದು."

"ಎಲ್ಲಾರದೂ ಕೂಡಿ?"

"ಹಿಡಿತದ್ದು ಐವತ್ತೆಂಟು."

"ಐವತ್ತೆಂಟರಾಗ ಹನ್ನೊಂದು." ಕನ್ನಡಕ ತೆಗೆದರು. "ಇಂಡಿ ಟೀಮಿನ ಅನಿಲಕುಮಾರಂದು ರೇಡಿನ್ಯಾಗ ಅರವತ್ತನಾಲ್ಕಂತ್ರಿ. ಅವರಿಗೆ ಕಾರ್ನರ್ ಬೇಕಾಗ್ಯಾನ."

ಪುಟದ ಫೋಟೊ ತೆಗೆದುಕೊಂಡು ಹೋದರು. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಸಂಜೆ ಬೀಗ ಹಾಕಿದೆ.

೨೫ ಜನವರಿ, ಶನಿವಾರ

ಅದಲುಬದಲು ಆಯಿತು. ದಾವಲ ಇಂಡಿಗೆ, ಅನಿಲಕುಮಾರ ಇಲ್ಲಿಗೆ. ಲೀಗಿನ ನಿಯಮ: ಎರಡೂ ತಂಡ ಒಪ್ಪಿದರೆ ಫೆಬ್ರುವರಿ ೨೮ರೊಳಗೆ ವಾಪಸು ಮಾಡಿಕೊಳ್ಳಬಹುದು. ಆಮೇಲೆ ಇಲ್ಲ.

ದಾವಲ ಬೂಟು ಕೈಯಲ್ಲಿ ಹಿಡಿದುಕೊಂಡು ಬಂದಿದ್ದ. ಒಳಗೆ ಬರಲಿಲ್ಲ.

"ಗುಡುಸಾಬರು ನಿನ್ನ ಬುಕ್ಕು ತೋರಿಸಿದ್ರು. ಹನ್ನೊಂದು! ನಾ ಮೂವತ್ತರೆ ಆಗಿರಬೇಕು ಅನ್ಕೊಂಡಿದ್ದೆ." ನಕ್ಕ. "ವಯಸ್ಸಾದ್ರ ಎಣಿಕೀನೂ ತಪ್ಪತೈತಿ."

"ಇಂಡಿ ಏನ್ ದೂರ ಇಲ್ಲ," ಅಂದೆ.

"ಹೂಂ. ಬಸ್ಸಿನ್ಯಾಗ ನಿದ್ದಿ ಆಕ್ಕೈತಿ."

೨೬ ಜನವರಿ, ರವಿವಾರ

ಧ್ವಜ ಹಾರಿಸಿ ಸಿದ್ರಾಮನ ಚಹಾದಂಗಡಿಗೆ ಹೋದೆ. ತಂಡದ ಅಭಿಮಾನಿಗಳೆಲ್ಲ ಅಲ್ಲೇ. ಮೂಲೆಯ ಬೆಂಚಿನಲ್ಲಿ ಕೂತೆ.

"ಚಲೋ ಬದಲಿ ಆತು," ಸಿದ್ರಾಮ ಹೇಳುತ್ತಿದ್ದ. "ರೇಡರ್ ಇಲ್ದ ಎಂಥಾ ಟೀಮೋ?"

ಬಾಗಿಲಲ್ಲಿ ಶೇಂಗಾ ಮಾರುವ ರೇವವ್ವ ಒಂದು ಪಂದ್ಯವನ್ನೂ ಬಿಡುವವಳಲ್ಲ. "ಇಪ್ಪತ್ತು ವರ್ಷಾತು, ನಿನ್ನ ಚಹಾಕ್ಕ ಸಕ್ಕರಿ ಎಷ್ಟು ಹಾಕಬೇಕಂತ ತಿಳದಿಲ್ಲ. ಆಟದ ಮಾತು ಹೇಳ್ತಾನ! ಎಡಗಡೆ ಕಾಲು ಹಿಡಿಯಾವರು ಯಾರೋ ಇನ್ನ?"

"ಹಿಡದಿದ್ರ ಬುಕ್ಕಿನ್ಯಾಗ ಬರತಿತ್ತಲ್ಲ ಬೇ. ಎಂಟು ಮ್ಯಾಚು, ಹನ್ನೊಂದು ಪಾಯಿಂಟು. ಸುಭಾಸ ಸರ್ ಬುಕ್ಕು ಸುಳ್ಳು ಹೇಳೂದಿಲ್ಲ."

"ಬುಕ್ಕು ಬಂದು ಕಾಲು ಹಿಡಿತೈತೇನು?"

ಎಲ್ಲರೂ ನಕ್ಕರು. ನನ್ನ ಕಡೆ ನೋಡಿದರು. ಚಹಾ ಆರಿತ್ತು. ಕುಡಿದೆ.

೨ ಫೆಬ್ರುವರಿ, ರವಿವಾರ

ಬಾಗೇವಾಡಿ ವಿರುದ್ಧ. ಸೋತೆವು, ೩೧–೩೮. ಅನಿಲಕುಮಾರ ಹದಿಮೂರು ಪಾಯಿಂಟ್ — ನೀಲಿಯಲ್ಲಿ ಪುಟ ತುಂಬಿತು. ಕೆಂಪು ಎರಡೇ. ಅದನ್ನು ಗಮನಿಸಿದೆ. ಗಮನಿಸಿದೆ, ಅಷ್ಟೇ.

೯ ಫೆಬ್ರುವರಿ

ಸೋತೆವು. ಕೆಂಪು ಮೂರು. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟುಕೊಂಡೆ.

೧೬ ಫೆಬ್ರುವರಿ

ಗೆದ್ದೆವು, ಒಂದು ಪಾಯಿಂಟಿನಿಂದ. ಸಿದ್ರಾಮ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. "ಅಕಡೆ ದಾವಲ ಹ್ವಾದಾಗಿಂದ ಇಂಡಿ ಮೂರಕ್ಕ ಮೂರು ಗೆದ್ದೈತಿ, ಅದಕ್ಕೇನಂತಿ?" ರೇವವ್ವ ಕೇಳಿದಳು. "ಅದು ಅವರ ನಸೀಬು," ಅಂದ. ಒಂದು ತಾಸು ಅದೇ ವಾದ. ನಾಲ್ಕು ಪುಟ ಓದಿದೆ. ನೆನಪಿಲ್ಲ. ಮತ್ತೆ ಓದಬೇಕು.

೧೯ ಫೆಬ್ರುವರಿ, ಬುಧವಾರ

ಮಧ್ಯಾಹ್ನ ಸಗೀರಾ ಬಂದಳು, ದಾವಲನ ಹೆಂಡತಿ. ಮೊಬೈಲ್ ಮುಂದಿಟ್ಟಳು.

"ಸುಭಾಸಣ್ಣ, ಇದರಾಗಿನ ವಿಡಿಯೊ ಎಲ್ಲಾ ನಿಮ್ಮ ಕಂಪ್ಯೂಟರಿನ್ಯಾಗ ತಗದ ಇಡ್ರಿ. ನಮ್ಮ ಅತ್ತಿಯವರಿಗೆ ತೋರಸಾಕಂತ ಹೆಚ್ಚೂಕಡಿಮಿ ಎಲ್ಲಾ ಮ್ಯಾಚೂ ಮಾಡೀನ್ರಿ. ಅಳಸಿ ಹಾಕಂತಾನ."

"ಯಾಕ?"

"ಏನ್ ನೋಡೂದೈತಿ ಅದರಾಗ, ನಾ ಮುದುಕ ಆಗೇನಿ ಅಂತಾನ್ರಿ. ಬೂಟು ತಗದು ಮಾಳಗಿ ಮ್ಯಾಲ ಒಗದಿದ್ದ. ನಾನ ಹತ್ತಿ ತಂದೇನಿ." ಬಾಗಿಲಲ್ಲಿ ನಿಂತು ತಿರುಗಿದಳು. "ಮೊದಲ ಇಂಥಾ ಮಾತು ಆಡತಿದ್ದಿಲ್ರಿ ಅಣ್ಣ."

ಪೆನ್ ಡ್ರೈವಿಗೆ ಹಾಕಿಕೊಂಡೆ.

೨೧ ಫೆಬ್ರುವರಿ, ಶುಕ್ರವಾರ

ನೋಡಿದೆ. ಎರಡು ದಿನ, ಊಟದ ಹೊತ್ತಿನಲ್ಲಿ. ಹನ್ನೊಂದು ಬಂದ ಆ ಎಂಟು ಪಂದ್ಯಗಳಲ್ಲಿ ಏಳರ ವಿಡಿಯೊ ಇದೆ.

ಪ್ರತಿ ಸಲವೂ ಒಂದೇ ರೀತಿ. ರೇಡರ್ ಎಡಕ್ಕೆ ಬರುತ್ತಾನೆ. ದಾವಲ ಕೂತಂತೆ ಬಗ್ಗಿ ಹಿಮ್ಮಡಿ ಹಿಡಿಯುತ್ತಾನೆ. ಬಿಡುವುದಿಲ್ಲ. ಎದೆಗೆ, ಮುಖಕ್ಕೆ ಒದೆ ಬೀಳುತ್ತದೆ. ಬಿಡುವುದಿಲ್ಲ. ಆಗ ಉಳಿದವರು ಓಡಿ ಬಂದು ಕೆಡವುತ್ತಾರೆ. ನಾನು ಕೆಡವಿದವನ ಹೆಸರು ಬರೆಯುತ್ತೇನೆ.

ಒಟ್ಟು ಹಿಡಿತ ಐವತ್ತೊಂದು. ಮೊದಲ ಕೈ ದಾವಲನದು: ಮೂವತ್ತನಾಲ್ಕು.

ಎರಡು ಸಲ ಎಣಿಸಿದೆ. ಮೂವತ್ತನಾಲ್ಕು. ಅವನ ಎಣಿಕೆ ತಪ್ಪಿರಲಿಲ್ಲ.

ನವೆಂಬರಿನಲ್ಲಿ ಅವ್ವನನ್ನು ಮಣ್ಣು ಮಾಡುವಾಗ ಬುದ್ಧವಂದನೆಯ ತ್ರಿಶರಣ ಹೇಳುತ್ತ ನನ್ನ ದನಿ ನಿಂತಿತು. ಯಾರೋ ಹಿಂದಿನಿಂದ ಮಣಿಕಟ್ಟು ಹಿಡಿದರು. ಆಮೇಲೆ ಸಂಬಂಧಿಕರು ಬಂದರು, ಹೆಗಲು ಹಿಡಿದರು, ಕೂರಿಸಿದರು. ಅವರ ಹೆಸರೆಲ್ಲ ದಿನಚರಿಯ ಅವತ್ತಿನ ಪುಟದಲ್ಲಿ ಬರೆದಿದ್ದೇನೆ. ಈಗ ತೆಗೆದು ನೋಡಿದೆ. ಮಣಿಕಟ್ಟು ಹಿಡಿದ ದಾವಲನ ಹೆಸರಿಲ್ಲ.

೨೮ ಫೆಬ್ರುವರಿ, ಶುಕ್ರವಾರ

ಸಂಜೆ ಗೋದಾಮಿನಲ್ಲಿ ಸಭೆ. ದಾವಲನ ಪಾಯಿಂಟು ಅಲ್ಲೂ ಕಡಿಮೆಯಂತೆ, ಇಂಡಿಯವರು ಅನಿಲಕುಮಾರನನ್ನು ವಾಪಸು ಕೇಳಿದ್ದಾರೆ. ಇವತ್ತೇ ಕೊನೆಯ ದಿನ. ಸಿದ್ರಾಮ ಬೇಡ ಅಂದ, ರೇವವ್ವ ಹೂಂ ಅಂದಳು. ಕೂಗಾಟ. ಗುಡುಸಾಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

"ಸರ, ದಾವಲಂದು ಬುಕ್ಕಿನ್ಯಾಗ ಬ್ಯಾರೆ ಏನರೆ ಐತೇನ್ರಿ? ನೀವು ಹೇಳಿದಂಗ ಆಗ್ಲಿ."

ಪೆನ್ ಡ್ರೈವ್ ಅಂಗಿಯ ಜೇಬಿನಲ್ಲಿತ್ತು.

"ಬುಕ್ಕಿನ್ಯಾಗ ಇಲ್ರಿ," ಅಂದೆ. ಅದಲುಬದಲು ಹಾಗೇ ಉಳಿಯಿತು.

ನಿಜ. ಪುಸ್ತಕದಲ್ಲಿ ಇಲ್ಲ. ಈ ನಿಯಮ ತಪ್ಪಾದರೆ ಆರು ವರ್ಷದ ಆರು ಪುಸ್ತಕಗಳೂ ತಪ್ಪು. ಹಾಗೆ ಯೋಚಿಸಿದೆನೋ, ಮನೆಗೆ ಬಂದ ಮೇಲೆ ಯೋಚಿಸಿದೆನೋ — ಖಚಿತವಿಲ್ಲ. ರೊಟ್ಟಿ ತಿಂದೆ.

೪ ಮಾರ್ಚ್, ಮಂಗಳವಾರ

ಬಸ್ ನಿಲ್ದಾಣದಲ್ಲಿ ದಾವಲ. ವೆಲ್ಡಿಂಗ್ ರಾಡಿಗೆ ಬಂದಿದ್ದನಂತೆ. ರಂಜಾನಿನ ರೋಜಾ, ತುಟಿ ಒಣಗಿತ್ತು. ಸೆಮಿಫೈನಲ್ ನಮಗೂ ಇಂಡಿಗೂ ಬಿದ್ದಿದೆ, ರವಿವಾರ, ಬಾಗೇವಾಡಿಯಲ್ಲಿ.

"ಉಪವಾಸ ಆಡ್ತೀ?"

"ಆಡ್ತೇನಿ. ಸೋತ್ರ ಅಲ್ಲಿಗೇ ಮುಗೀತು, ಗೆದ್ರ ಫೈನಲ್ಲಿಗೆ ಬ್ಯಾರೆಯಾವ್ನ ಹಾಕ್ಕೋರಿ ಅಂತ ಹೇಳೇನಿ. ಎರಡರಾಗ ಯಾವ್ದಾದ್ರೂ ಇದು ಕಡೀದು."

"ಯಾಕ?"

"ಅಲ್ಲೂ ಐದು ಮ್ಯಾಚಿಗೆ ಮೂರ ಪಾಯಿಂಟು. ಎರಡೂರಿನ ಬುಕ್ಕು ಒಂದ ಮಾತು ಹೇಳಾಕತ್ತಾವು. ನಾ ಯಾರಂತ ಅಲ್ಲಗಳೀಲಿ?" ಹೆಗಲ ಮೇಲೆ ಬಡಿದ. "ಹದಿನೆಂಟು ವರ್ಷ ಆಡೇನಿ. ಮತ್ತೊಬ್ಬ ಹೇಳಿದ್ರ ನಂಬತಿದ್ದಿಲ್ಲ. ನೀ ಬರದಿ, ಮುಗೀತು."

ಅವನ ಬಸ್ಸು ಬಂತು. ಹತ್ತಿದ. ಕಿಟಕಿಯ ಸರಳಿನ ಹತ್ತಿರದವರೆಗೂ ಹೋದೆ. ಬಸ್ಸು ಬಿಟ್ಟಿತು.

೯ ಮಾರ್ಚ್, ರವಿವಾರ. ಬಾಗೇವಾಡಿಯಿಂದ ಬಂದು.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಪಂದ್ಯ ನಾಲ್ಕೂವರೆಗೆ. ಸಗೀರಾ ಖರ್ಜೂರದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಮೊಬೈಲ್ ತೆಗೆದಿರಲಿಲ್ಲ. ಕೊನೆಯ ರೇಡಿಗೆ ೩೦–೩೦. ರೇಡು ನಮ್ಮದು. ಅನಿಲಕುಮಾರ ಹೋದ. ಒಬ್ಬನನ್ನು ಮುಟ್ಟಿ ಬಂದರೆ ಫೈನಲ್. ನನ್ನ ಹಿಂದೆ ಸಿದ್ರಾಮ ಕೂಗುತ್ತಿದ್ದ: "ನೋಡ ಬೇ ರೇವವ್ವ, ಬದಲಿ ಚಲೋ ಆತೋ ಇಲ್ಲೋ ಈಗ ನೋಡು!"

ಎಡಕ್ಕೆ ತಿರುಗಿದ. ದಾವಲ ಕೂತ. ಹಿಮ್ಮಡಿ ಸಿಕ್ಕಿತು. ಅನಿಲಕುಮಾರ ಇನ್ನೊಂದು ಕಾಲಿನಿಂದ ಒದ್ದ — ಒಮ್ಮೆ, ಎರಡು ಸಲ, ಮೂರು. ಗೆರೆಗೆ ಒಂದು ಗೇಣು ಇತ್ತು. ದಾವಲ ಜೊತೆಗೇ ಎಳೆಸಿಕೊಂಡು ಹೋದ, ಬಿಡಲಿಲ್ಲ. ಆಮೇಲೆ ನಿಯಾಜ ಎಂಬ ಹುಡುಗ ಓಡಿ ಬಂದು ಸೊಂಟಕ್ಕೆ ಬಿದ್ದು ಕೆಡವಿದ. ಸೀಟಿ. ೩೧–೩೦. ಇಂಡಿಯವರು ನಿಯಾಜನನ್ನು ಎತ್ತಿಕೊಂಡು ಕುಣಿದರು. ದಾವಲ ಮ್ಯಾಟಿನ ಅಂಚಿನಲ್ಲಿ ಕೂತು, ತುಟಿಯ ರಕ್ತ ತೋಳಿಗೆ ಒರೆಸಿಕೊಂಡು, ಬೂಟಿನ ಲೇಸು ಬಿಚ್ಚತೊಡಗಿದ.

ಇಂಡಿಯ ಸ್ಕೋರು ಬರೆಯುವವಳು ಪ್ರಜ್ಞಾ, ಡಿಗ್ರಿ ಓದುವ ಹುಡುಗಿ. ನನ್ನ ಮೇಜಿಗೆ ಬಂದಳು.

"ಸರ್, ಕಡೀ ಪಾಯಿಂಟ್ ನಿಯಾಜನ ಹೆಸರಿಗೇ ಬರೀಲ್ರಿ? ಕೆಡವಿದಾವ ಅವನ್ರಿ. ನಿಮ್ಮ ಪದ್ಧತಿನೇ ನಾವೂ ಇಟ್ಕೊಂಡೇವ್ರಿ."

"ಅಲ್ಲ," ಅಂದೆ. ದನಿ ದೊಡ್ಡದಾಗಿತ್ತು. "ದಾವಲಮಲಿಕ ಅಂತ ಬರಿ. ಮೊದಲ ಕೈ ಅವಂದು."

ಸಿದ್ರಾಮ ಹಿಂದಿನಿಂದ ಮೇಜಿಗೇ ಬಂದ. "ಏನ್ ಸರ? ನಾವು ಸೋತೇವಿ, ನೀವು ಅವರಿಗೆ ಹೆಸರು ಬರಸಾಕತ್ತೀರಿ?"

ದಾವಲ ತಲೆ ಎತ್ತಿದ. ಲೇಸು ಕೈಯಲ್ಲೇ ಇತ್ತು. "ಏನಂದ್ಯೋ ಪುಸ್ತಕಪ್ಪಾ?"

ಪುಸ್ತಕ ತೆಗೆದುಕೊಂಡು ಅವನ ಮುಂದೆ ಹೋಗಿ ಕೂತೆ. ಜನವರಿಯ ಪುಟ. ಸಗೀರಾ ಎದ್ದು ಬಂದಳು. ಗುಡುಸಾಬರೂ ಬಂದರು. ಎಲ್ಲರೂ ಕೇಳಿಸಿಕೊಳ್ಳುವಂತೆ ಹೇಳಿದೆ —

"ದಾವಲ, ಈ ಹನ್ನೊಂದು ಸುಳ್ಳು. ಏಳು ಮ್ಯಾಚಿನ ವಿಡಿಯೊ ನೋಡೇನಿ, ಮೊದಲ ಕೈ ನಿಂದು ಮೂವತ್ತನಾಲ್ಕು; ನಿನ್ನ ಎಣಿಕಿ ತಪ್ಪಿಲ್ಲ, ನನ್ನ ನಿಯಮ ತಪ್ಪು."