ಕಚ್ಚಿಟ್ಟ ರೊಟ್ಟಿ

ಓಶ್, ಬುಧವಾರ

ಅಮ್ಮಾ,

ಮೊನ್ನೆ ನನಗೆ ಗಡಿಯ ಈಚೆಯ ಈ ದೇಶದ ಪೌರತ್ವ ಸಿಕ್ಕಿತು. ಮಗಳನ್ನು ಇನ್ನು ಶಾಲೆಗೆ ಸೇರಿಸಬಹುದು. ಉಜ್ಬೇಕ್ ಪಾಸ್‌ಪೋರ್ಟನ್ನು ಕಾನೂನು ಸಚಿವಾಲಯದ ಕಚೇರಿಯಲ್ಲಿ ಒಪ್ಪಿಸಿ ಬಂದೆ.

"ಮತ್ತೆ ಆ ಕಡೆ ಹೋಗಿ ಇರೋ ಯೋಚನೆ ಇದೆಯೇನಮ್ಮಾ?" ಎಂದು ಅಧಿಕಾರಿ ಕೇಳಿದರು.

"ಇಲ್ಲಣ್ಣಾ" ಎಂದೆ.

"ಭೇಷ್! ಎಲ್ರೂ ಇಲ್ಲಿ ಅಳ್ತಾ ಕೂರ್ತಾರೆ. ನೀನೊಬ್ಳೇ ಥಟ್ ಅಂತ ಹೇಳಿದ್ದು" ಎಂದು ನಕ್ಕು ಮುದ್ರೆ ಒತ್ತಿದರು.

ಹೊರಡುವ ದಿನ ನನ್ನಿಂದ ಒಂದು ತುತ್ತು ಕಚ್ಚಿಸಿ, ಉಳಿದದ್ದನ್ನು ವಾಪಸು ಬಂದು ತಿನ್ನಲಿ ಎಂದು ಗೋಡೆಗೆ ತೂಗುಹಾಕಿದೆಯಲ್ಲ, ಆ ರೊಟ್ಟಿಯನ್ನು ಇಳಿಸಿಬಿಡು. ನೀರಲ್ಲಿ ನೆನೆಸಿ ಗುಬ್ಬಿಗಳಿಗೆ ಹಾಕು. ಇಳಿಸು ಎಂದು ಅತ್ತಿಗೆಗೆ ಹೇಳಬೇಡ, ನೀನೇ ಇಳಿಸು.

ಮನಸ್ಸು ಬಾರದಿದ್ದರೆ ಅಲ್ಲೇ ಇರಲಿ. ಕಚೇರಿಯಲ್ಲಿ ಅದರ ವಿಷಯ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಿನ್ನ
ಹುಲ್ಕರ್