ನಿಮ್ಮ ಪಾಲಿನ ಹಕ್ಕಿಗಳು

ಕ್ಯಾನ್ಸಸ್ಸಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತಳಾದ ನಡೀನ್ ರೂತ್ ಕ್ಲಾಸೆನ್ ಎಂಬ ನಾನು, ನನ್ನ ಪತಿಯಾದ ಎಲ್ಡನ್ ಅವರೇ, ನೀವು ತೀರಿಕೊಂಡ ಮೇಲಿನ ಮೊದಲ ಬೆಳವದ ಹಕ್ಕಿ ಬೇಟೆಯ ವರದಿಯನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ಇದು ನಿಮಗೆ ತಲುಪುವುದಿಲ್ಲ. ಆದರೂ ವರದಿ ಕ್ರಮವಾಗಿರಬೇಕು.

ಬೇಟೆಗೆಂದು ಸರ್ಕಾರ ಎಲ್ಲರಿಗೂ ಬಿಟ್ಟಿರುವ ಅದೇ ಸೂರ್ಯಕಾಂತಿ ಹೊಲದ ಮೂಲೆಯಲ್ಲಿ ಎಂದಿನಂತೆ ಎರಡು ಬಕೆಟ್ ಬೋರಲು ಹಾಕಿ, ಒಂದರ ಮೇಲೆ ಕುಳಿತೆ. ಬಾರದವರಿಗಾಗಿ ಅಲ್ಲಿ ಜಾಗ ಹಿಡಿಯುವಂತಿಲ್ಲವೆಂದು ಬಲ್ಲೆ. ಪ್ರತಿ ವರ್ಷ ಬೇಟೆಯ ದಿನಗಳಲ್ಲಿ ಅಲ್ಲಿ ಮಾತ್ರ ಸಿಗುವ ಲಾರಿ ಚಾಲಕ ವರ್ಲಿನ್ ಬಂದು ಖಾಲಿ ಬಕೆಟ್ ನೋಡಿದ.

“ಏನ್ ಮೇಡಂ, ಯಜಮಾನ್ರು ಇನ್ನೂ ಎದ್ದಿಲ್ವಾ?”

“ಬರ್ತಾರೆ,” ಎಂದೆ.

ಅವನು ನಿಮ್ಮ ಜಾಗ ಬಿಟ್ಟು ಆಚೆ ಬಿಸಿಲಿನಲ್ಲಿ ನಿಂತ. ಮಧ್ಯಾಹ್ನದವರೆಗೆ ಒಂದು ಹಕ್ಕಿಯೂ ಬರಲಿಲ್ಲ. ಆಮೇಲೆ ಜೋಡಿ ಬೆಳವಗಳು ತಗ್ಗಿನಲ್ಲಿ, ನೇರವಾಗಿ ನಿಮ್ಮ ಬಕೆಟ್ಟಿನ ಮೇಲೆಯೇ ಹಾರಿಹೋದವು. ಒಬ್ಬರ ಜಾಗದ ಮೇಲೆ ಬಂದ ಹಕ್ಕಿ ಅವರದು ಎಂಬುದು ಅಲ್ಲಿನ ರೂಢಿ. ವರ್ಲಿನ್ ಕೋವಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

“ನಿದ್ದೆ ಮಾಡಿದ್ದಕ್ಕೆ ಎರಡು ಹಕ್ಕಿ ದಂಡ ಅಂತ ಹೇಳಿ ಅವರಿಗೆ,” ಎಂದು ನಕ್ಕ. ಹೊರಡುವಾಗ, “ನಾಳೆನಾದ್ರೂ ಬೇಗ ಎಬ್ಬಿಸ್ಕೊಂಡು ಬನ್ನಿ,” ಎಂದ.

“ಆಗ್ಲಿ,” ಎಂದೆ.

ಇಬ್ಬರೂ ಬರಿಗೈಯಲ್ಲಿ ಮರಳಿದೆವು. ಮನೆಗೆ ಬಂದು ಕೋವಿ ಒರೆಸಿಟ್ಟೆ, ಅದು ಕೊಳೆಯಾಗಿರಲಿಲ್ಲ.

ಲಗತ್ತುಗಳು:
ನನ್ನ ಈ ವರ್ಷದ ಬೇಟೆ ಪರವಾನಗಿಯ ಪ್ರತಿ.
ಹೊಲದ ಹೊಸ ನಕ್ಷೆ.
ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಬಂದ ನಿಮ್ಮ ನಿಧನವಾರ್ತೆ, ಒಂದು ಪ್ರತಿ. ಉಳಿದಿರುವ ಇನ್ನೊಂದನ್ನು ನಾಳೆ ವರ್ಲಿನ್‌ಗೆ ಕೊಡುತ್ತೇನೆ.