ಗಿಣಿಯ ಮಾತು ಕೇಳುವ ಮಷಿನ್

ಮೆಹದಿಪಟ್ಟಣಂ, ಹೈದರಾಬಾದ್
೨ ಜೂನ್ ೨೦೨೫

ಪ್ರೀತಿಯ ಅಪ್ಪಾ,

ಇಲ್ಲಿಂದಲೇ ನಿಮ್ಮ ಕಾಲಿಗೆ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಬಿಪಿ ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಫೋನಿನಲ್ಲಿ ಇದನ್ನೇ ಕೇಳಿದರೆ ನೀವು ಜೋಳದ ರೇಟು ಹೇಳುತ್ತೀರಿ, ಆಮೇಲೆ “ಮನೋಜಗ ಕೊಡ್ತೀನಿ ತಡಿ” ಅಂತ ಫೋನನ್ನು ತಮ್ಮನ ಕೈಗೆ ದಾಟಿಸಿಬಿಡುತ್ತೀರಿ. ಅದಕ್ಕೇ ಈ ಕಾಲದಲ್ಲೂ ರಾಯಚೂರಿಗೆ ಕಾಗದ ಬರೆಯುತ್ತಿದ್ದೇನೆ. ನಾವು ಮೂವರೂ ಆರಾಮ. ನೀವು ಕಳಿಸಿದ ಶೇಂಗಾ ಚಟ್ನಿ ನಿಮ್ಮ ಅಳಿಯನ ಕೈಗೆ ಸಿಕ್ಕಿ ಎಂಟೇ ದಿನಕ್ಕೆ ಮುಗಿಯಿತು.

ಸ್ಟುಡಿಯೋದಲ್ಲಿ ಏನು ಕೆಲಸ ಅಂತ ಕೇಳಿದಾಗ ನಾನು “ಅಳಸೋದು” ಅಂದಿದ್ದೆ, ನೀವು “ಅದಕ್ಕೂ ಪಗಾರ ಕೊಡ್ತಾರೇನು?” ಅಂತ ನಕ್ಕಿದ್ದಿರಿ. ಸಿನಿಮಾದಲ್ಲಿ ಕಾಣಬಾರದ ವೈರು, ಹಗ್ಗ, ಕೋಲು ಕಂಡರೆ ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರ ಹಿಡಿದು ಒರೆಸುವುದು ನನ್ನ ಪಾಲು. ಈಗಿನದು ಮಕ್ಕಳ ಸಿನಿಮಾ. ಮನುಷ್ಯರು ನಿಜದವರು, ಗಿಣಿ ಒಂದು ಕಾರ್ಟೂನು. ಶೂಟಿಂಗಿನಲ್ಲಿ ಗಿಣಿ ಎಲ್ಲಿಂದ ಬರಬೇಕು? ಅದರ ಮಾತು ಎಲ್ಲಿ ಮುಗಿಯುತ್ತದೆಂದು ತಿಳಿಯಲು ಮಾವನ ಪಾತ್ರದವರ ಕಿವಿಗೆ ಒಂದು ಇಯರ್‌ಪೀಸ್ ಸಿಕ್ಕಿಸಿದ್ದರು. “ಇಯರ್‌ಪೀಸ್ ಅಳಿಸಿ” ಎಂದು ನನ್ನ ಪಟ್ಟಿಯಲ್ಲಿತ್ತು. ಅಳಿಸಿದೆ. ಕಥೆಯ ಹುಡುಗಿಯ ಕಿವಿಯಲ್ಲೂ ಅಂಥದ್ದೇ ಒಂದು ಕಂಡಿತು. ಹನ್ನೊಂದು ದಿನ ಕೂತು ಅದನ್ನೂ ನುಣ್ಣಗೆ ಒರೆಸಿದೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗುರುವಾರ ನಿರ್ದೇಶಕಿ ನೋಡಲು ಬಂದರು. ನೋಡುತ್ತಾ ನೋಡುತ್ತಾ ಮುಂದಕ್ಕೆ ಬಾಗಿ, “ಹುಡುಗಿಯ ಕಿವಿ ಮಷಿನ್ ಎಲ್ಲಿ?” ಅಂದರು. ಆ ಮಗುವಿಗೆ ನಿಜವಾಗಿಯೂ ಕಿವಿ ಮಂದವಂತೆ. ಅಂಥ ಮಗುವೇ ಬೇಕೆಂದು ಊರೂರು ಹುಡುಕಿ ತಂದಿದ್ದರಂತೆ. ಗಿಣಿಯ ಮಾತು ಬೇರೆ ಯಾರಿಗೂ ಕೇಳುವುದಿಲ್ಲ, ಆ ಮಷಿನ್ ಹಾಕಿದ ಹುಡುಗಿಗೆ ಮಾತ್ರ ಕೇಳುತ್ತದೆ, ಕಥೆ ಇರುವುದೇ ಹಾಗೆ. ಅಪ್ಪಾ, ನಮ್ಮ ಲಹರಿ ಆರು ವರ್ಷದಿಂದ ಹಾಕುತ್ತಿರುವುದು ಅದೇ ಥರದ್ದು. ಬೇರೆಯವರಿಗೆ ಗೊತ್ತಾಗದಿದ್ದರೆ ಬಿಡಿ, ಹೆತ್ತ ನನಗೆ ಗೊತ್ತಾಗಲಿಲ್ಲ. ದಿನಾ ಬೆಳಿಗ್ಗೆ ಅದರ ಮೇಲೆ ಕೂದಲು ಇಳಿಬಿಟ್ಟು ಬಾಚಿ, ಕಾಣುವುದಿಲ್ಲ ತಾನೆ ಎಂದು ಎರಡೆರಡು ಸಲ ನೋಡಿಯೇ ಸಾಲಿಗೆ ಕಳಿಸುವವಳು ನಾನು. ಮನೆಯಲ್ಲೂ ಅದೇ ಕೆಲಸ ಮಾಡುತ್ತಿದ್ದೆ ನೋಡಿ, ಪಗಾರವಿಲ್ಲದೆ.

ಪುಣ್ಯಕ್ಕೆ ಮೂಲ ಚಿತ್ರಗಳು ಭದ್ರವಾಗಿದ್ದವು. ಹನ್ನೊಂದು ದಿನ ಒರೆಸಿದ್ದು ಅರ್ಧ ದಿನದಲ್ಲಿ ವಾಪಸ್ ಬಂತು. ಕೆಲಸ ಹೋಯಿತೆಂದೇ ತಿಳಿದಿದ್ದೆ, ಆದರೆ ಲಹರಿಯ ವಿಷಯ ಹೇಳಿದಾಗ ಆ ಹೆಣ್ಣುಮಗಳು ಬೈಯಲಿಲ್ಲ, “ಅವಳನ್ನು ಕರೆದುಕೊಂಡು ಬನ್ನಿ” ಅಂದರು. ಶನಿವಾರ ಕರೆದೊಯ್ದೆ. ಗಿಣಿ ಹೆಗಲ ಮೇಲೆ ಕೂತು ಮಷಿನ್ನಿಗೆ ಕೊಕ್ಕು ಹಚ್ಚಿ ಗುಟ್ಟು ಹೇಳುವ ತುಣುಕನ್ನು ನಿಮ್ಮ ಮೊಮ್ಮಗಳು ಏಳು ಸಲ ಹಾಕಿಸಿದಳು. ಇವತ್ತು ಬೆಳಿಗ್ಗೆ ಬಾಚಣಿಕೆ ಹಿಡಿದು ಬಂದು, “ಎರಡು ಜಡಿ ಹಾಕು, ಕಿವಿ ಹಿಂದಕ್ಕ. ಬಿಗಿಯಾಗಿ” ಅಂದಳು. ಹಾಕಿದೆ. ಕಣ್ಣು ಒದ್ದೆಯಾಗಿ ಬೈತಲೆ ಸೊಟ್ಟಗಾಯಿತು, ಆದರೂ ಎಷ್ಟೋ ವರ್ಷದ ಭಾರ ಇಳಿಸಿಟ್ಟ ಹಾಗೆ ಹಗುರಾದೆ. ಫೋಟೋ ಇದರ ಜೊತೆಗಿದೆ.

ಮನೋಜನಿಗೆ ಆಶೀರ್ವಾದ ತಿಳಿಸಿ. ಬಿಸಿಲಿಗೆ ಹೊರಗೆ ತಿರುಗಬೇಡಿ.

ನಿಮ್ಮ ಮಗಳು,
ಸುವರ್ಣಾ

ತಾ.ಕ.: ಅಂಚೆಗೆ ಹಾಕುವ ಹೊತ್ತಿಗೆ ಲಹರಿ ಒಂದು ಮಾತು ಕೇಳಿದಳು. “ಅಜ್ಜ ಯಾಕ ತಮ್ಮ ಕಿವಿ ಮಷಿನ್ ಡಬ್ಬ್ಯಾಗ ಇಟ್ಟಾರ? ಅವರಿಗೂ ನಾಚಿಕಿ ಐತೇನು?” “ಅಜ್ಜನ್ನೇ ಕೇಳು” ಅಂದೆ. ಭಾನುವಾರ ಹತ್ತು ಗಂಟೆಗೆ ಅವಳೇ ಫೋನ್ ಮಾಡುತ್ತಾಳೆ. ಉತ್ತರ ಆಮೇಲೆ ಯೋಚಿಸಿದರಾಯಿತು ಅಪ್ಪಾ, ಮೊದಲು ಅವಳು ಕೇಳಿದ್ದು ನಿಮಗೆ ಕೇಳಿಸಲಿ.